ಫೋನು ಕೇಳುತ್ತದೆ: ಈಗ ಮನಸ್ಸು ಹೇಗಿದೆ?

ದಿನಕ್ಕೆ ನಾಲ್ಕೈದು ಸಲ ಫೋನು ಸದ್ದು ಮಾಡಿ, ಈಗ ಮನಸ್ಸು ಹೇಗಿದೆ, ಸುಸ್ತಿದೆಯೇ, ಜೊತೆಗೆ ಯಾರಿದ್ದಾರೆ ಎಂದು ಕೇಳುತ್ತದೆ. ಒಂದೆರಡು ನಿಮಿಷದಲ್ಲಿ ಉತ್ತರಿಸಿ ಕೆಲಸಕ್ಕೆ ಮರಳಬಹುದು. ಖಿನ್ನತೆಯ ಏರಿಳಿತವನ್ನು ಅಳೆಯುವ ಈ ಕ್ರಮದ ಸುತ್ತ ತಪ್ಪು ತಿಳಿವಳಿಕೆಗಳು ಬಹಳ.

ತಪ್ಪು ಕಲ್ಪನೆ: ಇದು ಸ್ಮಾರ್ಟ್‌ಫೋನ್ ತಂದ ಹೊಸ ಗೀಳು.

ವಾಸ್ತವ: 1970ರ ದಶಕದಲ್ಲೇ ಷಿಕಾಗೊ ವಿಶ್ವವಿದ್ಯಾಲಯದ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ತಂಡ ಜನರಿಗೆ ಪೇಜರ್ ಕೊಟ್ಟು, ಅದು ಸದ್ದು ಮಾಡಿದಾಗ ಆಗಿನ ಮನಸ್ಥಿತಿಯನ್ನು ಬರೆಸಿಕೊಳ್ಳುತ್ತಿತ್ತು.

ತಪ್ಪು ಕಲ್ಪನೆ: ಆಸ್ಪತ್ರೆಯಲ್ಲಿ ಕೇಳಿದಾಗ ನೆನಪಿಸಿಕೊಂಡು ಹೇಳಿದರೆ ಸಾಕು.

ವಾಸ್ತವ: ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಹಿಂದಿನ ಎರಡು ವಾರಗಳ ಬಗ್ಗೆ ಕೇಳುತ್ತದೆ. ಅದು ಉಪಯುಕ್ತವೇ. ಆದರೆ ಬೇಸರದಲ್ಲಿ ಕೂತವರಿಗೆ ಕಳೆದ ದಿನಗಳೂ ಬೇಸರದವಾಗಿಯೇ ಕಾಣುವುದುಂಟು. ಕೆಲವರಿಗೆ ಬೆಳಿಗ್ಗೆ ಹಾಸಿಗೆ ಬಿಟ್ಟೇಳುವುದೇ ಕಷ್ಟ, ಸಂಜೆಗೆ ತುಸು ಹಗುರ. ಎರಡು ವಾರಕ್ಕೆ ಒಂದೇ ಅಂಕ ಕೊಟ್ಟಾಗ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಚಿಕಿತ್ಸೆಗೆ ಬೇಕಾದ ಸುಳಿವು ಎಷ್ಟೋ ಸಲ ಇರುವುದು ಅಲ್ಲೇ.

ತಪ್ಪು ಕಲ್ಪನೆ: ಅದಕ್ಕೆ ಫೋನೇಕೆ, ಡೈರಿ ಬರೆದರಾಯಿತು.

ವಾಸ್ತವ: ಸಂಶೋಧಕ ಆರ್ಥರ್ ಸ್ಟೋನ್ ಮತ್ತು ಸಂಗಡಿಗರು ಇದನ್ನು ಚೆನ್ನಾಗಿ ಪರೀಕ್ಷಿಸಿದ್ದಾರೆ. 2002ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ದೀರ್ಘಕಾಲದ ನೋವಿನಿಂದ ಬಳಲುವವರು ದಿನಕ್ಕೆ ಮೂರು ಸಲ ನಿಗದಿತ ಹೊತ್ತಿಗೆ ಡೈರಿ ತುಂಬಬೇಕಿತ್ತು. ಕಾಗದದ ಡೈರಿಯ ಕವಚದೊಳಗೆ ಬೆಳಕನ್ನು ಗುರುತಿಸುವ ಸಾಧನ ಇತ್ತು. ತೆರೆದ ಸಮಯವೆಲ್ಲ ದಾಖಲಾಗುತ್ತಿತ್ತು. ಬರೆದ ಸಮಯಗಳನ್ನು ನಂಬಿದರೆ ಶೇ 90ರಷ್ಟು ನಮೂದುಗಳು ಹೊತ್ತಿಗೆ ಸರಿಯಾಗಿದ್ದವು. ನಿಜವಾಗಿ ಹಾಗಿದ್ದದ್ದು ಶೇ 11 ಮಾತ್ರ! ಡೈರಿಯನ್ನು ತೆರೆಯದೆಯೇ ಕಳೆದ ದಿನಗಳೂ ಆಮೇಲೆ ಭರ್ತಿಯಾಗಿದ್ದವು. ಎಲೆಕ್ಟ್ರಾನಿಕ್ ಡೈರಿ ಕೊಟ್ಟ ಗುಂಪಿನಲ್ಲಿ ಹೊತ್ತಿಗೆ ಸರಿಯಾದ ನಮೂದುಗಳ ಪ್ರಮಾಣ ಶೇ 94. ನೋವಿನಲ್ಲಿರುವವರನ್ನು ಇದಕ್ಕಾಗಿ ದೂರುವುದು ತಪ್ಪು. ಉತ್ತರದ ಜೊತೆಗೆ ಸಮಯವೂ ತಾನಾಗಿ ದಾಖಲಾಗಬೇಕು ಎಂಬುದೇ ಇಲ್ಲಿನ ಪಾಠ.

ತಪ್ಪು ಕಲ್ಪನೆ: ಉತ್ತರ ಕೊಡದ ದಿನಗಳನ್ನು ಲೆಕ್ಕದಿಂದ ಬಿಟ್ಟರೆ ನಷ್ಟವಿಲ್ಲ.

ವಾಸ್ತವ: ತೀರಾ ಕುಸಿದ ದಿನ ಫೋನು ಕೈಗೆತ್ತಿಕೊಳ್ಳಲೂ ಮನಸ್ಸಿರುವುದಿಲ್ಲ. ಆ ಖಾಲಿ ಜಾಗಗಳನ್ನು ಬಿಟ್ಟು ಸರಾಸರಿ ತೆಗೆದರೆ ರೋಗಿ ಇರುವುದಕ್ಕಿಂತ ಚೆನ್ನಾಗಿದ್ದಾರೆ ಎಂಬ ಚಿತ್ರ ಸಿಗಬಹುದು. ನನ್ನ ಮಟ್ಟಿಗೆ ಈ ವಿಧಾನದ ದೊಡ್ಡ ದೌರ್ಬಲ್ಯ ಇದೇ.

ತಪ್ಪು ಕಲ್ಪನೆ: ಖಿನ್ನತೆ ಇದೆಯೋ ಇಲ್ಲವೋ ಫೋನೇ ಹೇಳಿಬಿಡುತ್ತದೆ.

ವಾಸ್ತವ: ಇಲ್ಲ. ನೆದರ್ಲೆಂಡ್ಸ್‌ನ ಪೀಟರ್ ಗ್ರೂಟ್ ತಮ್ಮ ಖಿನ್ನತೆಯ ಔಷಧಿಯನ್ನು ನಿಧಾನವಾಗಿ ಇಳಿಸುತ್ತ 239 ದಿನ, ದಿನಕ್ಕೆ ಹತ್ತು ಸಲದವರೆಗೂ ಇಂಥ ಪ್ರಶ್ನೆಗಳಿಗೆ ಉತ್ತರಿಸಿದರು. ಖಿನ್ನತೆ ಮರಳುವ ಮುನ್ನ ಆ ಅಂಕಿಗಳಲ್ಲಿ ಬದಲಾವಣೆ ಕಂಡಿತ್ತು ಎಂದು ಅವರೂ ಸಂಶೋಧಕಿ ಮರಿಕೆ ವಿಕರ್ಸ್ ಅವರೂ 2016ರಲ್ಲಿ ಬರೆದರು. ಆಸೆ ಹುಟ್ಟಿಸುವ ಫಲಿತಾಂಶ, ನಿಜ. ಆದರೆ ಒಬ್ಬರ ಅನುಭವ ಎಲ್ಲರಿಗೂ ಅನ್ವಯಿಸುವ ನಿಯಮವಲ್ಲ. ಕಾಯಿಲೆಯನ್ನು ನಿರ್ಧರಿಸಬೇಕಾದವರು ಎದುರು ಕೂತು ಮಾತನಾಡಿಸುವ ವೈದ್ಯರೇ.

ತಪ್ಪು ಕಲ್ಪನೆ: ‘ಬದುಕು ಸಾಕಾಗಿದೆ’ ಎಂದು ಗುರುತು ಹಾಕಿದರೆ ಯಾರೋ ತಕ್ಷಣ ನೋಡುತ್ತಾರೆ.

ವಾಸ್ತವ: ಎಷ್ಟೋ ಆ್ಯಪ್‌ಗಳ ಉತ್ತರವನ್ನು ಆ ಹೊತ್ತಿನಲ್ಲಿ ಯಾರೂ ಓದುತ್ತಿರುವುದಿಲ್ಲ. ಸೇರುವ ಮೊದಲೇ ಕೇಳಿ: ಉತ್ತರ ಯಾರಿಗೆ ಹೋಗುತ್ತದೆ, ಎಷ್ಟು ಹೊತ್ತಿಗೆ ನೋಡುತ್ತಾರೆ, ಮಾಹಿತಿ ಎಲ್ಲಿ ಉಳಿಯುತ್ತದೆ? ಅಂಥ ಯೋಚನೆ ಬಂದಾಗ ಆ್ಯಪ್ ಬಿಟ್ಟು ಮನೆಯವರೊಬ್ಬರಿಗೆ ಹೇಳಿ, ಅಥವಾ 14416ಕ್ಕೆ ಕರೆ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲೂ ರಾತ್ರಿ, ಉಚಿತವಾಗಿ, ಕನ್ನಡದಲ್ಲೂ ಮಾತನಾಡುತ್ತಾರೆ.