ಗಂಡ ಪರದೇಶದಲ್ಲಿ, ತೆರಿಗೆಯ ಕಾಗದ ಮನೆಯಲ್ಲಿ

ಕಾಚಿಗುಡ, ನಾರಾಯಣಗುಡಗಳ ಹಳೆಯ ಓಣಿಗಳಿಂದ ಹಿಡಿದು ಕೂಕಟಪಲ್ಲಿ, ಕೊಂಡಾಪುರಗಳ ಹೊಸ ಬಡಾವಣೆಗಳವರೆಗೆ ಹರಡಿಕೊಂಡಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ, ಯಜಮಾನರು ದುಬೈಯಲ್ಲಿಯೋ ಅಮೆರಿಕದಲ್ಲಿಯೋ ಇದ್ದು, ಗೃಹಿಣಿ ಮಕ್ಕಳೊಡನೆ ಇಲ್ಲಿ ಸಂಸಾರ ನಡೆಸುತ್ತಿರುವ ಮನೆಗಳು ಈಗ ಅಪರೂಪವಲ್ಲ. ಗುಲಬರ್ಗಾ, ರಾಯಚೂರು, ಬೀದರಗಳಿಂದ ನೌಕರಿಯನ್ನರಸಿ ಹೈದರಾಬಾದಿಗೆ ಬಂದವರ ಮಕ್ಕಳು ಮೊಮ್ಮಕ್ಕಳೇ ಇಂದು ಶಂಷಾಬಾದಿನಲ್ಲಿ ವಿಮಾನವೇರುತ್ತಿದ್ದಾರೆ. ತಿಂಗಳು ತಿಂಗಳಿಗೆ ಹಣ ಬರುತ್ತದೆ; ಸಂತೋಷವೇ. ಆದರೆ ಜುಲೈ ತಿಂಗಳು ಸಮೀಪಿಸಿತೆಂದರೆ ಈ ಮನೆಗಳಲ್ಲಿ ಒಂದು ಪ್ರಶ್ನೆ ತಲೆಯೆತ್ತುತ್ತದೆ. ವರಮಾನ ತೆರಿಗೆಯ ರಿಟರ್ನನ್ನು ಸಲ್ಲಿಸಬೇಕಾದವರು ಯಾರು? ಗಂಡನೋ, ಹೆಂಡತಿಯೋ, ಇಬ್ಬರೂ ಕೂಡಿಯೋ?

"ಅವರಿಗೆ ಅಲ್ಲಿ ತೆರಿಗೆಯಿಲ್ಲ, ನನಗೆ ಇಲ್ಲಿ ಸಂಪಾದನೆಯಿಲ್ಲ, ಆದ್ದರಿಂದ ನಮಗೆ ಈ ತಾಪತ್ರಯವೇ ಇಲ್ಲ" ಎಂಬ ಉತ್ತರವನ್ನು ನಾವು ಅನೇಕರ ಬಾಯಲ್ಲಿ ಕೇಳಿದ್ದೇವೆ. ಇದು ಅರ್ಧ ಸತ್ಯ. ಉಳಿದರ್ಧವು ಇಲ್ಲಿರುವ ಗೃಹಿಣಿಯ ಹೆಗಲ ಮೇಲೆ ಬೀಳುವಂಥದು. ಅವರ ಹೆಸರು ಯಾವ ಯಾವ ಖಾತೆಯಲ್ಲಿದೆ, ಯಾವ ಆಸ್ತಿಯ ಪತ್ರದಲ್ಲಿದೆ ಎಂಬುದರ ಮೇಲೆಯೇ ಸರ್ವವೂ ನಿಂತಿದೆ. ಹೆಸರು ಹಾಕುವಾಗ ಯಾರೂ ಅವರನ್ನು ಕೇಳಿರುವುದಿಲ್ಲ. ನೋಟೀಸು ಬಂದಾಗ ಮಾತ್ರ ಅದು ಅವರ ಹೆಸರಿಗೇ ಬರುತ್ತದೆ.

ಮೊದಲು ತಿಳಿಯತಕ್ಕ ವಿಷಯವೆಂದರೆ, ನಮ್ಮ ದೇಶದ ತೆರಿಗೆಯ ಕಾಯಿದೆಗೆ ದಂಪತಿಗಳೆಂಬವರೇ ಗೊತ್ತಿಲ್ಲ. ಅಗ್ನಿಸಾಕ್ಷಿಯಾಗಿ ಒಂದಾದ ಇಬ್ಬರೂ ಅದರ ಕಣ್ಣಿಗೆ ಇಬ್ಬರೇ. ಅಮೆರಿಕದಲ್ಲಿರುವಂತೆ ಗಂಡ ಹೆಂಡಿರು ಕೂಡಿ ಒಂದೇ ರಿಟರ್ನು ಸಲ್ಲಿಸುವ ಪದ್ಧತಿ ಇಲ್ಲಿಲ್ಲ. ಅವರವರ ಪ್ಯಾನು, ಅವರವರ ಲೆಕ್ಕ. 1961ರ ಕಾಯಿದೆಯ ಸ್ಥಾನಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯಿದೆಯನ್ನು ತಂದಿದ್ದಾರೆ. ಕಲಮುಗಳ ಸಂಖ್ಯೆಗಳು ಬದಲಾಗಿವೆಯೇ ಹೊರತು ಇಲ್ಲಿ ನಾವು ವಿವರಿಸುವ ನಿಯಮಗಳ ತಿರುಳು ಬದಲಾಗಿಲ್ಲ.

ತೆರಿಗೆಗೆ ಸೀಮೆಯುಂಟೆಂಬುದು ಈ ಊರಿಗೆ ಹೊಸ ಮಾತಲ್ಲ. ನಿಜಾಮರ ಸಂಸ್ಥಾನಕ್ಕೆ ತನ್ನದೇ ನಾಣ್ಯವಿತ್ತು, ತನ್ನದೇ ಅಂಚೆಯಿತ್ತು. ಕೊನೆಗಾಲದಲ್ಲಿ ತನ್ನದೇ ವರಮಾನ ತೆರಿಗೆಯ ಕಾಯಿದೆಯೂ ಬಂದಿತ್ತು. ಭಾರತದ 1922ರ ಕಾಯಿದೆ ಹೈದರಾಬಾದಿನಲ್ಲಿ ಕಾಲಿರಿಸಿದ್ದು 1950ರ ಏಪ್ರಿಲ್ 1ರಂದು. ಅಲ್ಲಿಯವರೆಗೆ ಸೊಲ್ಲಾಪುರದ ಗಿರಣಿಯಲ್ಲಿ ದುಡಿಯುವ ಗಂಡನೂ ಗುಲಬರ್ಗದಲ್ಲಿ ಮನೆ ನೋಡಿಕೊಳ್ಳುವ ಹೆಂಡತಿಯೂ ತೆರಿಗೆಯ ದೃಷ್ಟಿಯಲ್ಲಿ ಬೇರೆ ಬೇರೆ ಸೀಮೆಯವರಾಗಿದ್ದರು. ಇಂದು ಸೀಮೆ ಸಮುದ್ರದಾಚೆಗೆ ಸರಿದಿದೆ, ಅಷ್ಟೆ.

ಪರದೇಶದಲ್ಲಿರುವ ಗಂಡನ ವಿಚಾರವನ್ನು ಮುಗಿಸಿಬಿಡೋಣ. ಆತನ ಪೌರತ್ವ ಯಾವುದೆಂಬುದು ಇಲ್ಲಿ ಮುಖ್ಯ ಪ್ರಶ್ನೆಯಲ್ಲ. ಏಪ್ರಿಲಿನಿಂದ ಮಾರ್ಚಿಯವರೆಗಿನ ವರ್ಷದಲ್ಲಿ ಆತ ಎಷ್ಟು ದಿನ ಭಾರತದಲ್ಲಿದ್ದ ಎಂಬುದೇ ಮುಖ್ಯ. ಉದ್ಯೋಗಕ್ಕಾಗಿ ಹೊರಟ ವರ್ಷದಲ್ಲಾಗಲಿ, ಆಮೇಲೆ ರಜೆಗೆಂದು ಬಂದುಹೋಗುವ ವರ್ಷಗಳಲ್ಲಾಗಲಿ, 182 ದಿನಗಳಿಗಿಂತ ಕಡಿಮೆ ಇಲ್ಲಿದ್ದವನು ಸಾಮಾನ್ಯವಾಗಿ ಅನಿವಾಸಿ. ಭಾರತದಲ್ಲಿಯೇ ಹುಟ್ಟುವ ಆದಾಯ 15 ಲಕ್ಷ ರೂಪಾಯಿಯನ್ನು ಮೀರಿದವರಿಗೆ ಮಾತ್ರ 2020ರಿಂದ ನಿಯಮ ಬಿಗಿಯಾಗಿದೆ: ಅವರು ರಜೆಯಲ್ಲಿ 120 ದಿನ ನಿಂತರೂ ಮತ್ತೊಮ್ಮೆ ಲೆಕ್ಕ ಹಾಕಿಸಿ ನೋಡಬೇಕಾಗುತ್ತದೆ. ಅನಿವಾಸಿಯು ಪರದೇಶದಲ್ಲಿ ದುಡಿದು ಪರದೇಶದಲ್ಲಿಯೇ ಪಡೆದ ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ. ಅದನ್ನು ಅನಂತರ ಮನೆಗೆ ಕಳುಹಿಸಿದ ಮಾತ್ರಕ್ಕೂ ತೆರಿಗೆ ಬೀಳದು. ಆದರೆ ಸಂಬಳವು ಮೊದಲು ಅಲ್ಲಿಯ ಬ್ಯಾಂಕಿಗೆ ಬಿದ್ದು ಅನಂತರ ಇಲ್ಲಿಗೆ ಬರಬೇಕು. ಮಾಲಿಕರು ನೇರವಾಗಿ ಹೈದರಾಬಾದಿನ ಖಾತೆಗೇ ಸಂಬಳ ಹಾಕಿದರೆ, ಭಾರತದಲ್ಲಿ ಪಡೆದ ಆದಾಯವೆಂಬ ತಕರಾರಿಗೆ ದಾರಿಯಾಗುತ್ತದೆ.

ಈಗ ಮನೆಗೆ ಬಂದ ಹಣದ ಕಡೆಗೆ ತಿರುಗೋಣ. ನಮ್ಮ ಗೃಹಿಣಿಯರು ಗಮನವಿಟ್ಟು ಓದಬೇಕಾದ ಭಾಗ ಇದು. ಗಂಡ ಹೆಂಡತಿಗೆ ಎಷ್ಟೇ ಹಣ ಕೊಡಲಿ, ಪಡೆದ ಹೆಂಡತಿಗೆ ಅದರ ಮೇಲೆ ತೆರಿಗೆಯಿಲ್ಲ. ಮನೆಯ ಖರ್ಚಿಗೆ, ಮಕ್ಕಳ ಶಾಲೆಗೆ, ಅತ್ತೆಮಾವಂದಿರ ಔಷಧಿಗೆ ವ್ಯಯವಾದ ಹಣದ ಲೆಕ್ಕವನ್ನು ರಿಟರ್ನಿನಲ್ಲಿ ಕೊಡಬೇಕಾದುದೂ ಇಲ್ಲ. ಆದರೆ ಆ ಹಣವನ್ನು ಹೆಂಡತಿ ತನ್ನ ಹೆಸರಿನಲ್ಲಿ ಮುದ್ದತಿನ ಠೇವಣಿಯಾಗಿಟ್ಟರೆ, ಅದರ ಬಡ್ಡಿ ಯಾರದು? ಬ್ಯಾಂಕಿನ ಪುಸ್ತಕದಲ್ಲಿ ಹೆಂಡತಿಯದು, ಕಾಯಿದೆಯಲ್ಲಿ ಗಂಡನದು. ಸರಿಯಾದ ಪ್ರತಿಫಲವಿಲ್ಲದೆ ಗಂಡ ಹೆಂಡತಿಗೆ, ಅಥವಾ ಹೆಂಡತಿ ಗಂಡನಿಗೆ, ಕೊಟ್ಟ ಆಸ್ತಿಯಿಂದ ಹುಟ್ಟುವ ಆದಾಯವನ್ನು ಕೊಟ್ಟವರ ಆದಾಯಕ್ಕೇ ಕೂಡಿಸಬೇಕೆಂಬುದು ನಿಯಮ.

ಈ ನಿಯಮ ನಿನ್ನೆ ಮೊನ್ನೆಯದಲ್ಲ. ಆಸ್ತಿಯನ್ನು ಹೆಂಡತಿ ಮಕ್ಕಳ ಹೆಸರಿಗೆ ಹಂಚಿ ತೆರಿಗೆಯಿಂದ ನುಸುಳಿಕೊಳ್ಳುವವರನ್ನು ತಡೆಯಲು 1937ರಲ್ಲಿ ಅದನ್ನು ಹಳೆಯ ಕಾಯಿದೆಗೆ ಸೇರಿಸಿದರು. 1961ರಲ್ಲಿ ಬಾಲಾಜಿ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ತೀರ್ಪಿತ್ತಿತು. ಅದರ ಎಲ್ಲೆಯನ್ನು ತೋರಿಸುವ ಇನ್ನೊಂದು ತೀರ್ಪು 1963ರದು. ಮದುವೆಗೆ ಕೆಲವೇ ದಿನ ಮುಂಚೆ ವಧುವಿಗೆ ಕಂಪೆನಿಯ ಷೇರುಗಳನ್ನು ಕೊಟ್ಟ ಥಾಮಸ್ ಎಂಬ ಮಹನೀಯರ ಪ್ರಸಂಗದಲ್ಲಿ, ಕೊಡುವ ಹೊತ್ತಿಗೆ ಆಕೆ ಇನ್ನೂ ಹೆಂಡತಿಯಾಗಿರಲಿಲ್ಲವಾದ್ದರಿಂದ ಆದಾಯವನ್ನು ಗಂಡನಿಗೆ ಕೂಡಿಸುವಂತಿಲ್ಲವೆಂದು ಅದೇ ನ್ಯಾಯಾಲಯ ಹೇಳಿತು. ಕಾಯಿದೆ ಹೃದಯವನ್ನು ನೋಡುವುದಿಲ್ಲ, ತಾರೀಖನ್ನು ನೋಡುತ್ತದೆ.

ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ದುಬೈಯಲ್ಲಿರುವ ಗಂಡ ಕಳುಹಿಸಿದ 20 ಲಕ್ಷ ರೂಪಾಯಿಯನ್ನು ಹೆಂಡತಿ ತನ್ನ ಹೆಸರಿನಲ್ಲಿ ಶೇಕಡಾ 7ರ ಬಡ್ಡಿಗೆ ಇಟ್ಟಳೆನ್ನಿ. ವರ್ಷಕ್ಕೆ 1,40,000 ರೂಪಾಯಿ ಬಡ್ಡಿ ಬಂತು. ಅದು ಗಂಡನ ಆದಾಯ. ಆ ಬಡ್ಡಿಯನ್ನು ಮತ್ತೆ ಠೇವಣಿಯಿಟ್ಟು ಅದರಿಂದ ಬಂದ ಬಡ್ಡಿ ಮಾತ್ರ ಹೆಂಡತಿಯದು. ಬ್ಯಾಂಕಿನವರು ಹೆಂಡತಿಯ ಪ್ಯಾನಿನ ಮೇಲೆ ತೆರಿಗೆ ಹಿಡಿದಿದ್ದರೆ, ಅದು ಗಂಡನ ಹೆಸರಿಗೆ ಜಮೆಯಾಗುವಂತೆ ಬ್ಯಾಂಕಿಗೆ ಬರೆದುಕೊಡಬೇಕು. ಇದೇ 20 ಲಕ್ಷವನ್ನು ಗಂಡ ತನ್ನ ಎನ್‌ಆರ್‌ಇ ಖಾತೆಯಲ್ಲಿಯೇ ಇಟ್ಟಿದ್ದರೆ ಬಡ್ಡಿಗೆ ಇಲ್ಲಿ ತೆರಿಗೆಯೇ ಇರುತ್ತಿರಲಿಲ್ಲ. ಆ ಖಾತೆಗೆ ಹೆಂಡತಿಯ ಹೆಸರನ್ನು ಎರಡನೆಯದಾಗಿ, ಮೊದಲಿನವರಿಗೆ ಇಲ್ಲವೆ ಬದುಕುಳಿದವರಿಗೆ ಎಂಬ ಷರತ್ತಿನ ಮೇಲೆ, ಸೇರಿಸಲೂ ಬರುತ್ತದೆ. ಪ್ರೀತಿಯಿಂದ ಹೆಂಡತಿಯ ಹೆಸರಿಗೆ ಹಾಕಿದ ಹಣ ಈ ರೀತಿಯಲ್ಲಿ ತೆರಿಗೆಗೆ ಒಳಗಾಗುವುದೊಂದು ವಿಪರ್ಯಾಸ.

ನಿವಾಸಿಗಳಿಗಿರುವ ರಿಯಾಯಿತಿಯೊಂದು ಅನಿವಾಸಿಗೆ ಇಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. 2025–26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆಯಿಲ್ಲವೆಂದು ಎಲ್ಲರೂ ಹೇಳುತ್ತಾರಷ್ಟೆ. ಅದು ಇಲ್ಲಿಯ ನಿವಾಸಿಗಳ ಸಾಮಾನ್ಯ ದರದ ಆದಾಯಕ್ಕೆ ಮಾತ್ರ. ಅನಿವಾಸಿ ಗಂಡನಿಗೆ 4 ಲಕ್ಷದ ಮೇಲಿನ ಪ್ರತಿ ರೂಪಾಯಿಯೂ ಲೆಕ್ಕಕ್ಕೆ ಬರುತ್ತದೆ.

ಮನೆಯ ಮಾತೂ ಹಾಗೆಯೇ. ಗಂಡನ ಹಣದಿಂದ ಹೆಂಡತಿಯ ಹೆಸರಿನಲ್ಲಿ ಕೊಂಡ ಮನೆ, ಹಣದ ಮೂಲ ಗೊತ್ತಿರುವವರೆಗೆ, ಬೇನಾಮಿ ಆಸ್ತಿಯಾಗದು. 1988ರ ಬೇನಾಮಿ ಕಾಯಿದೆ ಹೆಂಡತಿ ಮಕ್ಕಳ ಮಟ್ಟಿಗೆ ಈ ವಿನಾಯಿತಿಯನ್ನಿಟ್ಟಿದೆ. ಆದರೆ ಅದರ ಬಾಡಿಗೆ ತೆರಿಗೆಯ ಲೆಕ್ಕದಲ್ಲಿ ಗಂಡನದೇ. ಮನೆ ಗಂಡನ ಹೆಸರಿನಲ್ಲಿಯೇ ಇದ್ದು ಬಾಡಿಗೆಯನ್ನು ಹೆಂಡತಿ ವಸೂಲು ಮಾಡುತ್ತಿದ್ದರೆ ತೊಡಕು ಬಾಡಿಗೆದಾರನವರೆಗೂ ಹೋಗುತ್ತದೆ. ಅನಿವಾಸಿ ಒಡೆಯನಿಗೆ ಬಾಡಿಗೆ ಕೊಡುವವನು ಶೇಕಡಾ 31.2ರಂತೆ ತೆರಿಗೆ ಹಿಡಿದು ಸರಕಾರಕ್ಕೆ ಕಟ್ಟಬೇಕು. ಅನೇಕ ಬಾಡಿಗೆದಾರರಿಗೆ ಈ ಸಂಗತಿಯೇ ತಿಳಿಯದು. ಕೂಕಟಪಲ್ಲಿಯ ಒಂದು ಮನೆಗೆ ತಿಂಗಳಿಗೆ 40,000 ರೂಪಾಯಿ ಬಾಡಿಗೆಯೆಂದಿಟ್ಟುಕೊಂಡರೆ ವರ್ಷಕ್ಕೆ 4,80,000. ಹಿಡಿಯಬೇಕಾದ ತೆರಿಗೆ 1,49,760. ಆದರೆ ದುರಸ್ತಿ ಮುಂತಾದವುಗಳ ಬಾಬ್ತು ಶೇಕಡಾ 30ನ್ನು ಕಾಯಿದೆಯೇ ಕಳೆಯಗೊಡುವುದರಿಂದ ನಿಜವಾದ ಆದಾಯ 3,36,000. ಬೇರೆ ಆದಾಯವಿಲ್ಲದಿದ್ದರೆ ತೆರಿಗೆ ಸೊನ್ನೆ! ಹಿಡಿದ ಒಂದೂವರೆ ಲಕ್ಷ ಮರಳಿ ಬರಬೇಕಾದರೆ ಗಂಡ ರಿಟರ್ನು ಸಲ್ಲಿಸಲೇಬೇಕು. ಸಲ್ಲಿಸದವನ ಹಣ ಸರಕಾರದಲ್ಲಿಯೇ ಉಳಿಯುತ್ತದೆ. ಕಡಿಮೆ ದರದಲ್ಲಿ ಹಿಡಿಯುವಂತೆ ಮುಂಚಿತವಾಗಿ ಅರ್ಜಿ ಹಾಕಿ ಪ್ರಮಾಣಪತ್ರ ಪಡೆಯುವ ಮಾರ್ಗವೂ ಉಂಟು.

ಆ ರಿಟರ್ನಿಗೆ ಸಹಿ ಯಾರದು? ಗಂಡನ ಪಾಸ್‌ವರ್ಡು ಹೆಂಡತಿಯ ಕೈಯಲ್ಲಿರುವುದೇ ಅಧಿಕಾರವೆಂದು ಅನೇಕರು ಭಾವಿಸಿದ್ದಾರೆ. ಅಲ್ಲ. ಗಂಡ ಪರದೇಶದಲ್ಲಿದ್ದಾಗ ಆತನೇ ದೃಢೀಕರಿಸಬೇಕು, ಇಲ್ಲವೆ ಕ್ರಮವಾದ ಅಧಿಕಾರಪತ್ರ ಪಡೆದವರು ಸಹಿ ಮಾಡಬೇಕು. ಅನಿವಾಸಿಗೆ 'ಸಹಜ್' ಎಂಬ ಸುಲಭದ ಫಾರಮು ಸಲ್ಲದು. ಸಾಮಾನ್ಯವಾಗಿ ಎರಡನೆಯ ನಮೂನೆ ಬೇಕು.

ಇಲ್ಲಿಯವರೆಗೆ ಹೇಳಿದ್ದು ಹಣದ ನಷ್ಟದ ಮಾತು. ನಿಜವಾದ ಅಪಾಯ ಬೇರೊಂದು ಕಡೆಯಲ್ಲಿದೆ. ಗಂಡ ದುಬೈಯ ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ, ಆಪತ್ಕಾಲಕ್ಕೆ ಇರಲೆಂದು ಹೆಂಡತಿಯ ಹೆಸರನ್ನೂ ಸೇರಿಸಿದನೆನ್ನಿ. ಹೆಂಡತಿ ಹೈದರಾಬಾದಿನಲ್ಲಿಯೇ ಇದ್ದಾಳೆ. ಆಕೆ ಭಾರತದ ನಿವಾಸಿ. ಸಾಮಾನ್ಯ ನಿವಾಸಿಯಾದವರು ಪರದೇಶದಲ್ಲಿ ತಮ್ಮ ಹೆಸರಿನಲ್ಲಿರುವ ಖಾತೆಯನ್ನು, ಸಹಿ ಮಾಡುವ ಅಧಿಕಾರವಷ್ಟೇ ಇದ್ದ ಖಾತೆಯನ್ನು ಕೂಡ, ರಿಟರ್ನಿನ ವಿದೇಶೀ ಆಸ್ತಿಯ ಪಟ್ಟಿಯಲ್ಲಿ ಬರೆಯಬೇಕು. ತನ್ನದೆಂಬ ಒಂದು ಪೈಸೆಯ ಆದಾಯವಿರದಿದ್ದರೂ, ಆ ಖಾತೆಯ ಕಾರಣದಿಂದಲೇ ಆಕೆ ರಿಟರ್ನು ಸಲ್ಲಿಸತಕ್ಕದ್ದು. ತಪ್ಪಿದರೆ 2015ರ ಕಪ್ಪುಹಣದ ಕಾಯಿದೆಯಡಿ ದಂಡ ವರ್ಷಕ್ಕೆ 10 ಲಕ್ಷ ರೂಪಾಯಿ. 2024ರ ಅಕ್ಟೋಬರ್ 1ರಿಂದ, ಸ್ಥಿರಾಸ್ತಿಯನ್ನು ಬಿಟ್ಟು ಒಟ್ಟು 20 ಲಕ್ಷ ಮೀರದ ವಿದೇಶೀ ಆಸ್ತಿಗೆ ಈ ದಂಡದಿಂದ ಮುಕ್ತಿಯಿತ್ತರು, ಬರೆಯುವ ಕರ್ತವ್ಯದಿಂದಲ್ಲ. ಅಲ್ಲಿ ಒಂದು ಫ್ಲಾಟನ್ನು ಇಬ್ಬರ ಹೆಸರಿನಲ್ಲಿ ಕೊಂಡಿದ್ದರಂತೂ ಆ ಮುಕ್ತಿಯೂ ಇಲ್ಲ.

ಯಾರಿಗೆ ತಿಳಿದೀತು ಎನ್ನುವ ಧೈರ್ಯ ಈಗ ನಡೆಯದು. ಅಮೆರಿಕದೊಡನೆ 2015ರಲ್ಲಿ ಆದ ಒಪ್ಪಂದದಿಂದಲೂ, ಭಾರತ 2017ರಲ್ಲಿ ಆರಂಭಿಸಿದ ಬಹುರಾಷ್ಟ್ರಗಳ ಪರಸ್ಪರ ವಿನಿಮಯದಿಂದಲೂ ಖಾತೆಗಳ ಮಾಹಿತಿ ತಾನಾಗಿ ಹರಿದುಬರುತ್ತಿದೆ. 2024ರ ನವೆಂಬರಿನಲ್ಲಿ ಇಲಾಖೆಯವರು ವಿದೇಶೀ ಆಸ್ತಿಯನ್ನು ತೋರಿಸದವರಿಗೆ ಸಂದೇಶ ಕಳುಹಿಸಿ, ರಿಟರ್ನನ್ನು ತಿದ್ದಿಕೊಳ್ಳಲು ಹೇಳಿದರು. ಗಂಡನ ಸಂಬಳ ಶುದ್ಧವಾದದ್ದು, ಕಷ್ಟದ ದುಡಿಮೆಯದು, ತೆರಿಗೆಯೂ ಬಾಕಿಯಿಲ್ಲ. ಆದರೂ ಬರೆಯದಿದ್ದುದಕ್ಕಾಗಿಯೇ ದಂಡ. ಇದು ಕಠೋರವೆಂದೇ ನಮ್ಮ ಅಭಿಪ್ರಾಯ. ಕಳ್ಳಹಣದವರಿಗಾಗಿ ಹೆಣೆದ ಬಲೆಯಲ್ಲಿ ಗೃಹಿಣಿಯರು ಸಿಕ್ಕಿಬೀಳುವುದು ಶಾಸನಕರ್ತರ ಉದ್ದೇಶವಾಗಿರಲಾರದು. ಕಾಯಿದೆ ಹೀಗಿರುವವರೆಗೆ, ಪರದೇಶದ ಬ್ಯಾಂಕಿನ ಫಾರಮಿಗೆ ಸಹಿ ಹಾಕುವ ಮುನ್ನ ನಮ್ಮ ಹೆಣ್ಣುಮಕ್ಕಳು "ಇದರಲ್ಲಿ ನನ್ನ ಹೆಸರು ಏತಕ್ಕೆ?" ಎಂದು ಕೇಳುವುದು ಅವಿಶ್ವಾಸವೆನಿಸದು. ಹೆಸರು ಸೇರಿಸುವ ಬದಲು ಹೆಂಡತಿಯನ್ನು ವಾರಸುದಾರಳೆಂದು ನಮೂದಿಸಲು ಆ ಬ್ಯಾಂಕಿನಲ್ಲಿ ಅವಕಾಶವುಂಟೋ ಎಂದು ಗಂಡ ಮೊದಲು ವಿಚಾರಿಸಲಿ.

ಅಮೆರಿಕದ ಕಥೆ ತುಸು ಬೇರೆ. ಅಲ್ಲಿ ದುಡಿಯುವ ವಿವಾಹಿತನು, ಹೆಂಡತಿ ಹೈದರಾಬಾದಿನಲ್ಲಿದ್ದಳೆಂದು, ಅವಿವಾಹಿತನಂತೆ ಲೆಕ್ಕ ಕೊಡುವಂತಿಲ್ಲ. ಬೇರೆಯಾಗಿ ಸಲ್ಲಿಸಬೇಕು, ಇಲ್ಲವೆ ಹೆಂಡತಿಯನ್ನೂ ಅಲ್ಲಿಯ ನಿವಾಸಿಯೆಂದು ಭಾವಿಸುವಂತೆ ಇಬ್ಬರೂ ಒಪ್ಪಿ ಬರೆದುಕೊಟ್ಟು, ಆಕೆಗೊಂದು ತೆರಿಗೆಸಂಖ್ಯೆ ಪಡೆದು, ಜಂಟಿಯಾಗಿ ಸಲ್ಲಿಸಬೇಕು. ಜಂಟಿಯಾದರೆ 2025ರ ಲೆಕ್ಕಕ್ಕೆ 31,500 ಡಾಲರಿನ ಸಾಮಾನ್ಯ ಕಡಿತ, ಬೇರೆಯಾದರೆ 15,750. ಲಾಭ ಕಣ್ಣಿಗೆ ಕಾಣುತ್ತದೆ. ಆದರೆ ಜಂಟಿಯಾದೊಡನೆ ಹೆಂಡತಿಯ ಜಗತ್ತಿನ ಸಮಸ್ತ ಆದಾಯವೂ, ಇಲ್ಲಿಯ ಅಧ್ಯಾಪಕಿಯ ಸಂಬಳವಾಗಲಿ ತವರಿನಿಂದ ಬಂದ ಮನೆಯ ಬಾಡಿಗೆಯಾಗಲಿ, ಅಮೆರಿಕದ ಲೆಕ್ಕಕ್ಕೆ ಸೇರುತ್ತದೆ. ಒಮ್ಮೆ ಈ ಆಯ್ಕೆಯನ್ನು ಹಿಂತೆಗೆದುಕೊಂಡರೆ ಆ ದಂಪತಿಗಳಿಗೆ ಅದು ಮತ್ತೆ ದೊರೆಯದು. ಹೆಂಡತಿಗೆ ಇಲ್ಲಿ ಆದಾಯವಿಲ್ಲದ ಮನೆಗೆ ಜಂಟಿ ಲೆಕ್ಕ ಒಳ್ಳೆಯದು. ಒಳ್ಳೆಯ ಸಂಬಳವಿರುವ ಮನೆಯವರು ಎರಡೂ ಬಗೆಯಲ್ಲಿ ಲೆಕ್ಕ ಹಾಕಿಸಿ ನೋಡಲಿ. ಇದಲ್ಲದೆ, ಅಲ್ಲಿಯ ನಿವಾಸಿಯಾದವನು ಭಾರತದಲ್ಲಿ ತನ್ನ ಹೆಸರಿರುವ ಖಾತೆಗಳ ಮೊತ್ತ ವರ್ಷದಲ್ಲಿ ಯಾವಾಗಲಾದರೂ 10,000 ಡಾಲರ್ ಮೀರಿದರೆ ಅಲ್ಲಿಯ ಸರಕಾರಕ್ಕೆ ತಿಳಿಸಬೇಕು. ತಾಯಿಯೊಡನೆ ಕೂಡಿ ಕಾಚಿಗುಡದ ಬ್ಯಾಂಕಿನಲ್ಲಿ ತೆರೆದ ಹಳೆಯ ಖಾತೆಯೂ ಇದರಲ್ಲಿ ಸೇರಿತು.

ಗಂಡ ಹೊರಗೆ, ಹೆಂಡತಿ ಒಳಗೆ ಎಂದೇ ನಾವು ಬರೆಯುತ್ತ ಬಂದೆವು. ಹೆಂಡತಿ ಪರದೇಶದಲ್ಲಿ ದುಡಿಯುತ್ತಿದ್ದು ಗಂಡ ಮಕ್ಕಳನ್ನು ನೋಡಿಕೊಳ್ಳುತ್ತಿರುವ ಮನೆಗಳೂ ಇವೆ. ಅವರು ಪದಗಳನ್ನು ಅದಲುಬದಲು ಮಾಡಿ ಓದಿಕೊಳ್ಳಲಿ, ನಿಯಮ ಒಂದೇ.

ಉಳಿದದ್ದು ಮರಳಿ ಬರುವವರ ಮಾತು. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದು ಊರಿಗೆ ಬಂದು ನಿಂತವನಿಗೆ ಎರಡು ಮೂರು ವರ್ಷ ಮಧ್ಯದ ಒಂದು ಸ್ಥಿತಿ ದೊರೆಯುತ್ತದೆ: ಆಗ ಪರದೇಶದ ಬಡ್ಡಿ ಬಾಡಿಗೆಗಳಿಗೆ ಇಲ್ಲಿ ತೆರಿಗೆಯಿಲ್ಲ, ವಿದೇಶೀ ಆಸ್ತಿಯ ಪಟ್ಟಿಯನ್ನೂ ಕೊಡಬೇಕಾಗಿಲ್ಲ. ಆ ಅವಧಿಯಲ್ಲಿ ಅಲ್ಲಿಯ ಖಾತೆಗಳನ್ನು ಇಟ್ಟುಕೊಳ್ಳುವುದೋ ಮುಚ್ಚುವುದೋ ನಿರ್ಧರಿಸಿಕೊಳ್ಳುವುದು ಜಾಣತನ. ಆದರೆ ಎನ್‌ಆರ್‌ಇ ಖಾತೆ ಮಾತ್ರ ಕಾಯುವುದಿಲ್ಲ. ಬಂದು ನೆಲೆಸಿದೊಡನೆ ಬ್ಯಾಂಕಿಗೆ ತಿಳಿಸಿ ಅದನ್ನು ಇಲ್ಲಿಯ ಸಾಮಾನ್ಯ ಖಾತೆಯಾಗಿ ಬದಲಾಯಿಸಬೇಕು. ಅಂದಿನಿಂದ ಅದರ ಬಡ್ಡಿಗೆ ತೆರಿಗೆಯುಂಟು. ಬಂದ ದಿನ, ಹೋದ ದಿನಗಳ ಮುದ್ರೆಯಿರುವ ಹಳೆಯ ಪಾಸ್‌ಪೋರ್ಟುಗಳನ್ನು ಎಸೆಯದೆ ಆ ಬ್ಯಾಂಕಿನ ಕಾಗದಗಳ ಜತೆಯಲ್ಲಿಯೇ ಕಟ್ಟಿಡುವುದು ಮೇಲು.