ಬೆಳ್ಳಕ್ಕಿ ಬೂದಾಗುವುದೇಕೆ? ಕ್ಯಾಮೆರಾದ ಬೆಳಕಿನ ಲೆಕ್ಕ

ರಂಗನತಿಟ್ಟಿನ ದೋಣಿಯಿಂದ ಇಳಿದವರ ಕ್ಯಾಮೆರಾ ಪರದೆಯನ್ನು ಒಮ್ಮೆ ಇಣುಕಿ ನೋಡಿ. ಕಪ್ಪು ಪೊದೆಯ ಮುಂದೆ ದೂರದಲ್ಲಿ ಕೂತ ಬೆಳ್ಳಕ್ಕಿ ಗರಿಯ ಗುರುತೇ ಇಲ್ಲದ ಬಿಳಿ ಕಲೆಯಾಗಿರುತ್ತದೆ. ಅದೇ ಹಕ್ಕಿ ಹತ್ತಿರ ಸಿಕ್ಕು ಚೌಕಟ್ಟು ತುಂಬಿದಾಗ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಬಂಡೆಯ ಮೇಲೆ ರೆಕ್ಕೆ ಒಣಗಿಸುತ್ತಿದ್ದ ನೀರುಕಾಗೆ ಕಪ್ಪಾಗಿರುವ ಬದಲು ಮಾಸಲಾಗಿರುತ್ತದೆ. 'ಕ್ಯಾಮೆರಾ ಸರಿಯಿಲ್ಲ, ಇದಕ್ಕಿಂತ ಒಳ್ಳೆಯದು ತಗೋಬೇಕು' ಎಂದು ನಾವು ತೀರ್ಮಾನಿಸುತ್ತೇವೆ. ಅಂಗಡಿಯವರೂ ಹೌದೆನ್ನುತ್ತಾರೆ, ಅವರಿಗೇನು ನಷ್ಟ! ಆದರೆ ಎರಡು ಲಕ್ಷದ ಕ್ಯಾಮೆರಾ ಕೂಡ ಬಹುಮಟ್ಟಿಗೆ ಇದನ್ನೇ ಮಾಡುತ್ತದೆ. ಯಾಕೆಂದು ತಿಳಿದುಕೊಂಡರೆ ಈಗ ಕೈಯಲ್ಲಿರುವ ಕ್ಯಾಮೆರಾದಲ್ಲೇ ಒಂದು ಗುಂಡಿ ತಿರುಗಿಸಿ ಸರಿಮಾಡಬಹುದು.

ಮೊದಲು ಎಕ್ಸ್‌ಪೋಷರ್ ಎಂದರೇನು ಎನ್ನುವುದನ್ನು ನೋಡೋಣ. ಒಂದು ಚಿತ್ರಕ್ಕಾಗಿ ಸೆನ್ಸರ್ ಮೇಲೆ ಎಷ್ಟು ಬೆಳಕು ಬೀಳಬೇಕು ಎನ್ನುವ ಲೆಕ್ಕವೇ ಎಕ್ಸ್‌ಪೋಷರ್. ಸೆನ್ಸರ್ ಎಂದರೆ ಹಿಂದೆ ಫಿಲ್ಮ್ ಇದ್ದ ಜಾಗದಲ್ಲಿ ಈಗ ಕೂತಿರುವ, ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಚಿಪ್. ಬೆಳಕನ್ನು ಹತೋಟಿಯಲ್ಲಿಡಲು ಎರಡು ಬಾಗಿಲುಗಳಿವೆ. ಒಂದು ಅಪರ್ಚರ್, ಅಂದರೆ ಲೆನ್ಸಿನೊಳಗಿನ ಕಿಂಡಿ. ಇನ್ನೊಂದು ಶಟರ್ ವೇಗ, ಅಂದರೆ ಬೆಳಕು ಒಳಗೆ ಬರುವ ಅವಧಿ. ಮೂರನೆಯದು ಐಎಸ್‌ಒ. ಅದು ಬಾಗಿಲಲ್ಲ. ಒಳಗೆ ಬಂದಷ್ಟು ಬೆಳಕಿನಿಂದ ಹುಟ್ಟಿದ ಸಂಕೇತವನ್ನು ಎಷ್ಟು ಹಿಗ್ಗಿಸಬೇಕು ಎನ್ನುವ ಅಳತೆ. ಹಿಗ್ಗಿಸಿದಷ್ಟೂ ಚಿತ್ರದಲ್ಲಿ ಕಾಳುಕಾಳು ಕಾಣಿಸಿಕೊಳ್ಳುತ್ತದೆ. ಅದಕ್ಕೆ ನಾಯ್ಸ್ ಎನ್ನುತ್ತಾರೆ.

ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದಾಗುವುದು ಹೊಸಬರನ್ನು ಗೊಂದಲಕ್ಕೆ ಬೀಳಿಸುತ್ತದೆ. ಅದು ಭಾಗಾಕಾರದ ಲೆಕ್ಕ, ಅಷ್ಟೆ. 50 ಮಿ.ಮೀ. ಲೆನ್ಸಿನಲ್ಲಿ ಎಫ್ 2 ಎಂದರೆ 50 ಭಾಗಿಸು 2, ಅಂದರೆ 25 ಮಿ.ಮೀ. ಅಗಲದ ಕಿಂಡಿ. ಎಫ್ 10 ಎಂದರೆ ಬರೀ 5 ಮಿ.ಮೀ. ಇಲ್ಲಿಯೇ ಸ್ಟಾಪ್ ಎಂಬ ಮಾತನ್ನೂ ತಿಳಿದುಕೊಂಡುಬಿಡಿ. ಬೆಳಕು ಎರಡರಷ್ಟಾದರೆ ಒಂದು ಸ್ಟಾಪ್ ಹೆಚ್ಚು, ಅರ್ಧವಾದರೆ ಒಂದು ಸ್ಟಾಪ್ ಕಡಿಮೆ. ಎಫ್ 4ರಿಂದ 5.6ಕ್ಕೆ, 5.6ರಿಂದ 8ಕ್ಕೆ, 8ರಿಂದ 11ಕ್ಕೆ ಹೋದಾಗ ಪ್ರತಿ ಸಲವೂ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಶಟರನ್ನು 1/250 ಸೆಕೆಂಡಿನಿಂದ 1/500ಕ್ಕೆ ಒಯ್ದರೂ ಅಷ್ಟೇ. ಹಾಗಾಗಿ ಒಂದು ಕಡೆ ಕಳೆದದ್ದನ್ನು ಇನ್ನೊಂದು ಕಡೆ ಕೂಡಿಸಿ ಸರಿದೂಗಿಸಬಹುದು.

ಇನ್ನು ಬೆಳ್ಳಕ್ಕಿಯ ವಿಷಯ. ಕ್ಯಾಮೆರಾದೊಳಗೆ ಒಂದು ಮೀಟರ್ ಇದೆ, ಅಂದರೆ ಬೆಳಕು ಅಳೆಯುವ ಸಾಧನ. ಎದುರಿನ ವಸ್ತುವಿನಿಂದ ಹಿಂದಿರುಗಿ ಬಂದ ಬೆಳಕನ್ನಷ್ಟೇ ಅದು ಅಳೆಯಬಲ್ಲದು. ವಸ್ತು ಬಿಳಿಯೋ ಕಪ್ಪೋ ಎನ್ನುವುದು ಅದಕ್ಕೆ ತಿಳಿಯದು. ಆದ್ದರಿಂದ ಕಂಡದ್ದೆಲ್ಲ ಸರಾಸರಿಯಲ್ಲಿ ಮಧ್ಯಮ ಬೂದು ಬಣ್ಣದ್ದು ಎಂದು ಅದು ನಂಬಿಕೊಂಡಿದೆ. ಬಿದ್ದ ಬೆಳಕಿನಲ್ಲಿ ಸುಮಾರು ಶೇ 18ರಷ್ಟನ್ನು ಹಿಂದಿರುಗಿಸುವ ಬೂದು ಎಂದು ಛಾಯಾಗ್ರಹಣದ ಪಠ್ಯಗಳು ಹೇಳುವುದು ಇದನ್ನೇ. ಮೀಟರು ಮದುವೆ ಊಟದಲ್ಲಿ ಎಲೆ ನೋಡದೆ ಎಲ್ಲರಿಗೂ ಒಂದೇ ಸೌಟು ಬಡಿಸಿಕೊಂಡು ಹೋಗುವವನ ಹಾಗೆ. ಬಿಳಿ ಹಕ್ಕಿ ಚೌಕಟ್ಟು ತುಂಬಿದರೆ 'ಬೆಳಕು ಜಾಸ್ತಿಯಾಯಿತು' ಎಂದು ತಗ್ಗಿಸುತ್ತದೆ, ಹಕ್ಕಿ ಬೂದಾಗುತ್ತದೆ. ನೀರುಕಾಗೆ ತುಂಬಿದರೆ 'ಕತ್ತಲೆ' ಎಂದು ಏರಿಸುತ್ತದೆ, ಕಪ್ಪು ಮಾಸುತ್ತದೆ. ಹೊಸ ಕ್ಯಾಮೆರಾಗಳು ಮುಖ, ಕಣ್ಣು, ಆಕಾಶವನ್ನು ಗುರುತಿಸಿ ಈ ಲೆಕ್ಕವನ್ನು ತಿದ್ದಿಕೊಳ್ಳುತ್ತವೆ, ನಿಜ. ಆದರೂ ಮೂಲ ಸ್ವಭಾವ ಪೂರ್ತಿ ಹೋಗಿಲ್ಲ.

ತಿದ್ದುವ ಗುಂಡಿಯ ಮೇಲೆ ಪ್ಲಸ್ ಮತ್ತು ಮೈನಸ್ ಗುರುತು ಒಟ್ಟಿಗೆ ಇರುತ್ತವೆ. ಅದರ ಹೆಸರು ಎಕ್ಸ್‌ಪೋಷರ್ ಕಾಂಪೆನ್ಸೇಷನ್, ಅಂದರೆ ಮೀಟರಿನ ಲೆಕ್ಕಕ್ಕೆ ನೀವು ಸೇರಿಸುವ ತಿದ್ದುಪಡಿ. 'ಬಿಳಿಗೆ ಪ್ಲಸ್, ಕಪ್ಪಿಗೆ ಮೈನಸ್' ಎಂದು ಎಲ್ಲರೂ ಕಲಿಸುತ್ತಾರೆ. ಇದು ಅರ್ಧ ಸತ್ಯ. ಚೌಕಟ್ಟಿನ ತುಂಬ ಬಿಳಿಯೇ ಇದ್ದರೆ ಪ್ಲಸ್ ಒಂದು ಸ್ಟಾಪ್ ಸರಿ. ಆದರೆ ಕಪ್ಪು ಪೊದೆಯ ಮುಂದೆ ಚಿಕ್ಕದಾಗಿ ಕೂತ ಬೆಳ್ಳಕ್ಕಿಗೆ ಬೇಕಾದದ್ದು ಮೈನಸ್. ಯಾಕೆಂದರೆ ಮೀಟರು ಅಲ್ಲಿ ನೋಡುತ್ತಿರುವುದು ಪೊದೆಯನ್ನು. ಪೊದೆಯನ್ನು ಬೂದು ಮಾಡಲು ಬೆಳಕು ಏರಿಸುತ್ತದೆ, ಹಕ್ಕಿ ಸುಟ್ಟುಹೋಗುತ್ತದೆ. ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ 'ಹಕ್ಕಿ ಯಾವ ಬಣ್ಣದ್ದು' ಎಂದಲ್ಲ, 'ಚೌಕಟ್ಟಿನ ಹೆಚ್ಚಿನ ಭಾಗ ಯಾವ ಬಣ್ಣದ್ದು' ಎಂದು.

ಮೊಬೈಲಿನಲ್ಲೂ ಇದು ಸಾಧ್ಯವೇ? ಧಾರಾಳವಾಗಿ. ಪರದೆಯ ಮೇಲೆ ಬೇಕಾದ ಕಡೆ ಬೆರಳಿಟ್ಟರೆ ಹೆಚ್ಚಿನ ಫೋನುಗಳಲ್ಲಿ ಪುಟ್ಟ ಸೂರ್ಯನ ಚಿತ್ರ ಮೂಡುತ್ತದೆ. ಅದನ್ನು ಕೆಳಗೆ ಎಳೆದರೆ ಮೈನಸ್, ಮೇಲೆ ಎಳೆದರೆ ಪ್ಲಸ್.

ಇದಕ್ಕಿಂತ ನೆಮ್ಮದಿಯ ದಾರಿ ಇನ್ನೊಂದಿದೆ, ನನಗಂತೂ ಅದೇ ಇಷ್ಟ. ಬೆಳ್ಳಕ್ಕಿ, ನೀರುಕಾಗೆ, ಬಂಡೆಯ ಮೊಸಳೆ, ಮೂರರ ಮೇಲೂ ಬೀಳುತ್ತಿರುವುದು ಒಂದೇ ಬಿಸಿಲು. ಬಿಸಿಲು ಬದಲಾಗದಿದ್ದರೆ ಎಕ್ಸ್‌ಪೋಷರ್ ಯಾಕೆ ಬದಲಾಗಬೇಕು? ಫಿಲ್ಮ್ ಕಾಲದವರು ಇದನ್ನೇ ನಂಬಿದ್ದರು. ಅವರ ಸೂತ್ರಕ್ಕೆ 'ಸನ್ನಿ 16' ಎಂದು ಹೆಸರು: ನಿಚ್ಚಳ ಬಿಸಿಲಿನಲ್ಲಿ ಕಿಂಡಿಯನ್ನು ಎಫ್ 16ಕ್ಕೆ ಇಡಿ, ಐಎಸ್‌ಒ ಎಷ್ಟಿದೆಯೋ ಅದನ್ನೇ ಛೇದವಾಗಿಸಿ ಶಟರ್ ಇಡಿ. ಐಎಸ್‌ಒ 400 ಇದ್ದರೆ 1/400 ಸೆಕೆಂಡ್. ಹಾರುವ ಹಕ್ಕಿಗೆ ಆ ವೇಗ ಸಾಲದು ಅಲ್ಲವೇ? ಕಿಂಡಿಯನ್ನು ಎರಡು ಸ್ಟಾಪ್ ತೆರೆದು ಎಫ್ 8ಕ್ಕೆ ತನ್ನಿ, ಶಟರ್ 1/1600 ಆಗುತ್ತದೆ. ಕ್ಯಾಮೆರಾವನ್ನು ಎಂ ಗುರುತಿಗೆ, ಅಂದರೆ ಮ್ಯಾನ್ಯುಯಲ್‌ಗೆ ತಿರುಗಿಸಿ ಇದನ್ನು ಇಟ್ಟುಬಿಟ್ಟರೆ ಬಿಸಿಲು ನೇರವಾಗಿ ಬಿದ್ದಿರುವ ಯಾವ ಹಕ್ಕಿಗೂ ಲೆಕ್ಕ ಕೆಡದು. ಅಚ್ಚ ಬಿಳಿ ಗರಿಯ ಎಳೆ ಎಳೆ ಬೇಕೆಂದರೆ ಅರ್ಧ ಸ್ಟಾಪ್ ಇನ್ನೂ ತಗ್ಗಿಸಿ. ಮೋಡ ಮುಸುಕಿದರೆ ಎಫ್ 16ರ ಜಾಗದಲ್ಲಿ ಎಫ್ 8, ಮಳೆಗಾಲದ ದಟ್ಟ ಮೋಡಕ್ಕೆ ಎಫ್ 5.6 ಎಂದು ಲೆಕ್ಕ ಶುರುಮಾಡಿ.

'ಮೋಡ ಬಂದು ಹೋಗುತ್ತಿದ್ದರೆ?' ಆಗ ಮ್ಯಾನ್ಯುಯಲ್ ಬಿಟ್ಟು ಪ್ಲಸ್ ಮೈನಸ್ ಗುಂಡಿಗೇ ಮರಳಿ. ಹಟ ಬೇಡ.

ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಅವರಂಥ ನಮ್ಮ ಹಿರಿಯ ವನ್ಯಜೀವಿ ಛಾಯಾಗ್ರಾಹಕರು ಒಂದು ರೋಲಿಗೆ 36 ಚಿತ್ರಗಳಷ್ಟೇ ಸಿಗುತ್ತಿದ್ದ ಕಾಲದಲ್ಲಿ ಕೆಲಸ ಮಾಡಿದವರು. ಕ್ಲಿಕ್ಕಿಸಿದ ಮೇಲೆ ಫಲಿತಾಂಶ ನೋಡಲು ರೋಲು ತೊಳೆಯುವವರೆಗೆ ಕಾಯಬೇಕು. ನಮಗೆ ಆ ಕಷ್ಟವಿಲ್ಲ, ಹಿಸ್ಟೋಗ್ರಾಮ್ ಇದೆ. ಅದು ಚಿತ್ರದಲ್ಲಿ ಕಪ್ಪು ಎಷ್ಟು, ಬಿಳಿ ಎಷ್ಟು ಎಂದು ತೋರಿಸುವ ಗುಡ್ಡದ ಆಕಾರದ ನಕ್ಷೆ. ಗುಡ್ಡ ಬಲಗಡೆಯ ಗೋಡೆಗೆ ಒತ್ತಿ ನಿಂತಿದ್ದರೆ ಬಿಳಿ ಸುಟ್ಟಿದೆ ಎಂದರ್ಥ. ಬಿಸಿಲಿನಲ್ಲಿ ಪರದೆಯ ಚಿತ್ರವನ್ನು ನಂಬಬೇಡಿ, ನಕ್ಷೆಯನ್ನು ನಂಬಿ. ಕತ್ತಲಾದ ಭಾಗವನ್ನು ಆಮೇಲೆ ಕಂಪ್ಯೂಟರಿನಲ್ಲಿ ಎತ್ತಬಹುದು, ಅದರಲ್ಲೂ ರಾ ಫೈಲ್ ಇಟ್ಟುಕೊಂಡಿದ್ದರೆ. ರಾ ಎಂದರೆ ಕ್ಯಾಮೆರಾ ತನ್ನ ಅಡುಗೆ ಮಾಡದೆ ಕೊಡುವ ಹಸಿ ದಾಖಲೆ. ಪೂರ್ತಿ ಸುಟ್ಟ ಬಿಳಿಯನ್ನು ಮಾತ್ರ ಯಾರೂ ತಂದುಕೊಡಲಾರರು.

ನಮ್ಮ ನಾಡಿನ ಬೆಳಕಿಗೆ ಒಂದು ಗುಣವಿದೆ. ನಾವು ಸಮಭಾಜಕ ವೃತ್ತಕ್ಕೆ ಹತ್ತಿರ ಇರುವುದರಿಂದ ಸೂರ್ಯ ಓರೆಯಾಗಿ ಜಾರದೆ ಹೆಚ್ಚುಕಡಿಮೆ ನೇರ ಮೇಲೇರುತ್ತಾನೆ. ಹೊಂಬಿಸಿಲು ಬೇಗ ಮುಗಿದುಹೋಗುತ್ತದೆ. ಯುರೋಪಿನವರ ಪುಸ್ತಕ ಓದಿ ಒಂಬತ್ತು ಗಂಟೆಗೆ ಹೊರಟರೆ ಮಾರ್ಚ್-ಏಪ್ರಿಲ್‌ನಲ್ಲಿ ಸಿಗುವುದು ಕಣ್ಣಿನ ಕೆಳಗೆ ಕಪ್ಪು ನೆರಳು ಬಿದ್ದ ಮುಖಗಳೇ. ಗೂಡು ಕಟ್ಟುವ ಆ ತಿಂಗಳುಗಳಲ್ಲಿ ರಂಗನತಿಟ್ಟಿಗೋ ಕೊಕ್ಕರೆ ಬೆಳ್ಳೂರಿಗೋ ಹೋಗುವವರು ಬೆಳಗಿನ ತಿಂಡಿಯನ್ನು ಫೋಟೋ ಮುಗಿದ ಮೇಲೆ ಇಟ್ಟುಕೊಳ್ಳುವುದು ಲೇಸು. ಗೂಡಿನ ಮೇಲೆ ಫ್ಲ್ಯಾಶ್ ಹೊಡೆಯಬೇಡಿ ಎಂದು ಬೇರೆ ಹೇಳಬೇಕಿಲ್ಲ ತಾನೇ?

ಬಿಸಿಲಿನ ಕತೆ ಇಷ್ಟಾದರೆ ರಾತ್ರಿಯದು ಬೇರೆ. ಯಕ್ಷಗಾನ ಬಯಲಾಟದ ರಂಗಸ್ಥಳವನ್ನೇ ತೆಗೆದುಕೊಳ್ಳಿ. ಹಿಂದೆಲ್ಲ ಕತ್ತಲೆ, ನಡುವೆ ಕಿರೀಟದ ಹೊಳಪು. ಮೀಟರು ಕತ್ತಲೆಯನ್ನು ನೋಡಿ ಬೆಳಕು ಏರಿಸುತ್ತದೆ, ವೇಷದ ಮುಖ ಬೆಳ್ಳಗಾಗಿ ಬರೆದ ಬಣ್ಣವೆಲ್ಲ ಅಳಿಸಿಹೋಗುತ್ತದೆ. ಇಲ್ಲಿ ಮೈನಸ್ ಒಂದು, ಕೆಲವೊಮ್ಮೆ ಎರಡು ಸ್ಟಾಪ್ ಬೇಕು. ಅಥವಾ ಸ್ಪಾಟ್ ಮೀಟರಿಂಗ್ ಆರಿಸಿ, ಅಂದರೆ ಚೌಕಟ್ಟಿನ ಒಂದು ಚುಕ್ಕೆಯಷ್ಟು ಜಾಗವನ್ನು ಮಾತ್ರ ಅಳೆಯುವ ವಿಧಾನ, ಅದನ್ನು ಮುಖದ ಮೇಲೆ ಇಡಿ. ಕೆಂಪು ಬಣ್ಣದ ಬಗ್ಗೆ ವಿಶೇಷ ಎಚ್ಚರ ಇರಲಿ. ಒಟ್ಟು ನಕ್ಷೆ ಸರಿಯಾಗಿ ಕಂಡರೂ ಕೆಂಪೊಂದೇ ಸುಟ್ಟು ಬಟ್ಟೆಯ ನೆರಿಗೆಗಳೆಲ್ಲ ಮಾಯವಾಗುವುದುಂಟು. ಕೆಂಪು, ಹಸಿರು, ನೀಲಿಯ ನಕ್ಷೆಗಳನ್ನು ಬೇರೆಬೇರೆಯಾಗಿ ತೋರಿಸುವ ಸೌಕರ್ಯ ಇದ್ದರೆ ಅದನ್ನು ನೋಡಿ.

ಇನ್ನೊಂದು ತೊಡಕು ಪಟ್ಟೆಗಳದು. ಚಿತ್ರಕ್ಕೆ ಅಡ್ಡಲಾಗಿ ಕಪ್ಪು ಪಟ್ಟೆ ಬಂದರೆ ಸೆನ್ಸರ್ ಕೆಟ್ಟಿತೆಂದು ಗಾಬರಿಯಾಗಬೇಡಿ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಅದರಿಂದ ಉರಿಯುವ ಟ್ಯೂಬ್‌ಲೈಟು ಮತ್ತು ಅನೇಕ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗದು, ವೇಗದ ಶಟರಿಗೆ ಗೊತ್ತಾಗುತ್ತದೆ. 1/100 ಅಥವಾ 1/50ರಲ್ಲಿ ಪೂರ್ತಿ ಮಿನುಗು ಒಳಗೆ ಬರುವುದರಿಂದ ಪಟ್ಟೆ ಬೀಳದು. ಪದ್ಯಕ್ಕೆ ಕುಣಿಯುವಾಗ 1/250 ಆದರೂ ಬೇಕು, ಆದರೆ ಅರ್ಥ ಹೇಳುವಾಗ ವೇಷಧಾರಿ ನಿಂತಿರುತ್ತಾನೆ, 1/100 ಸಾಕು. ಕುಣಿತಕ್ಕೆ ಕ್ಯಾಮೆರಾದ ಆ್ಯಂಟಿ-ಫ್ಲಿಕರ್ ಸೌಲಭ್ಯವನ್ನು, ಅಂದರೆ ದೀಪ ಜೋರಾಗಿ ಬೆಳಗುವ ಕ್ಷಣಕ್ಕೇ ಕಾದು ಕ್ಲಿಕ್ಕಿಸುವ ವ್ಯವಸ್ಥೆಯನ್ನು, ಚಾಲೂ ಮಾಡಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇಂಥ ಕಡೆ ಪಟ್ಟೆಯನ್ನು ಹೆಚ್ಚಿಸುತ್ತದೆ. ಮೆಕ್ಯಾನಿಕಲ್ ಶಟರೇ ವಾಸಿ. ಚೆಂಡೆಯ ಅಬ್ಬರದಲ್ಲಿ ಅದರ ಸದ್ದು ಯಾರಿಗೆ ಕೇಳಬೇಕು!

ಖರ್ಚಿನ ಮಾತಿಗೆ ಬರೋಣ. ಬೆಲೆಗಳು ಏರಿಳಿಯುತ್ತವೆ, ಇವನ್ನು ಅಂದಾಜೆಂದೇ ಓದಿಕೊಳ್ಳಿ. ಆರಂಭಿಕರ ಮಿರರ್‌ಲೆಸ್ ಕ್ಯಾಮೆರಾ, ಅಂದರೆ ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾ, ಒಂದು ಲೆನ್ಸಿನೊಂದಿಗೆ ಐವತ್ತರಿಂದ ಎಪ್ಪತ್ತೈದು ಸಾವಿರ ರೂಪಾಯಿ. ಅದರ ಜೊತೆ ಬರುವ ಲೆನ್ಸು ಹಗಲಿಗೆ ಸಾಕು. ರಾತ್ರಿಯ ಆಟಕ್ಕೆ ಮೊದಲು ಕೊಳ್ಳಬೇಕಾದದ್ದು ಎಫ್ 1.8ರ 50 ಮಿ.ಮೀ. ಲೆನ್ಸು. ಕಂಪನಿಯ ಮೇಲೆ ಹತ್ತರಿಂದ ಇಪ್ಪತ್ತು ಸಾವಿರ. ಎಫ್ 5.6ರ ಲೆನ್ಸಿಗಿಂತ ಇದು ಮೂರು ಸ್ಟಾಪಿಗೂ ಹೆಚ್ಚು, ಅಂದರೆ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಇಷ್ಟು ಲಾಭ ಕೊಡುವ ವಸ್ತು ಕ್ಯಾಮೆರಾ ಅಂಗಡಿಯಲ್ಲಿ ಇನ್ನೊಂದಿಲ್ಲ. ಹಕ್ಕಿಗಳಿಗೆಂದೇ ಇರುವ 600 ಮಿ.ಮೀ. ಎಫ್ 4 ಲೆನ್ಸಿನ ಬೆಲೆ ಹತ್ತು ಲಕ್ಷದ ಮೇಲೆ. ಅದನ್ನು ಬಿಡಿ. 150ರಿಂದ 600 ಮಿ.ಮೀ.ವರೆಗಿನ ಝೂಮ್ ಲೆನ್ಸುಗಳು ಬೆಂಗಳೂರಿನಲ್ಲಿ ದಿನದ ಬಾಡಿಗೆಗೆ ಸಿಗುತ್ತವೆ. ಗುರುತಿನ ಚೀಟಿ, ಮುಂಗಡ ಹಣ ಕೇಳುತ್ತಾರೆ. ವರ್ಷಕ್ಕೆ ಒಂದೆರಡು ಸಲ ಕಾಡಿಗೆ ಹೋಗುವವರಿಗೆ ಬಾಡಿಗೆಯೇ ಲಾಭ. ಕೆಲವು ಪಕ್ಷಿಧಾಮ, ಅಭಯಾರಣ್ಯಗಳಲ್ಲಿ ಲೆನ್ಸಿನ ಉದ್ದ ನೋಡಿ ಕ್ಯಾಮೆರಾ ಶುಲ್ಕ ಹಾಕುತ್ತಾರೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಖರ್ಚು ತಪ್ಪಿದ್ದಲ್ಲ. ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಷ್ಟು ಬೆಳೆಯುತ್ತದೆ. ಶುರುವಿನಲ್ಲಿ ಜೇಡರ ಬಲೆಯ ತುಂಡಿನಂತೆ ಕಾಣುವ ಅದು ಬಿಟ್ಟರೆ ಗಾಜಿನ ಲೇಪನವನ್ನೇ ತಿನ್ನುತ್ತದೆ. ಗಾಳಿಯ ತೇವ ಶೇ 60 ದಾಟಿ ಬಹುಕಾಲ ನಿಂತರೆ ಅದಕ್ಕೆ ಹಬ್ಬ. ಲೆನ್ಸಿಗೆ ಹಿತವಾದದ್ದು ಶೇ 40ರಿಂದ 50. ಚರ್ಮದ ಚೀಲ, ಬಟ್ಟೆಯ ಬೀರು ಎರಡೂ ತೇವ ಹಿಡಿದಿಡುವ ಜಾಗಗಳು. ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೊಂದು ಪುಟ್ಟ ತೇವಮಾಪಕ, ಎಲ್ಲ ಸೇರಿ ಸಾವಿರ ರೂಪಾಯಿಯ ಆಸುಪಾಸು. ಸಿಲಿಕಾ ಜೆಲ್ ಎಂದರೆ ತೇವ ಹೀರುವ ಹರಳು. ನೀಲಿ ಹರಳು ಗುಲಾಬಿಗೆ ತಿರುಗಿದರೆ ತೇವ ತುಂಬಿತು ಎಂದು. ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ, ಆದರೆ ಆ ಬಣ್ಣಕ್ಕೆ ಬಳಸುವ ಕೋಬಾಲ್ಟ್ ಲವಣ ವಿಷ. ಅಡುಗೆಯ ಬಾಣಲೆಯಲ್ಲಿ ಹುರಿಯಬೇಡಿ, ಅದಕ್ಕೇ ಬೇರೆ ಪಾತ್ರೆ ಇರಲಿ. ಅಕ್ಕಿಯಲ್ಲಿ ಹೂತಿಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಅಕ್ಕಿ ಹೀರುವುದು ಕಡಿಮೆ, ಅದರ ಹುಡಿ ಲೆನ್ಸಿನ ಸಂದಿಗೆ ಸೇರುವುದೇ ಹೆಚ್ಚು. ಲೆನ್ಸು ಮೂರು ನಾಲ್ಕಾದ ಮೇಲೆ ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ಕೊಳ್ಳಬಹುದು. ಚಿಕ್ಕದಕ್ಕೆ ಹತ್ತು ಸಾವಿರದ ಸುತ್ತ ಆದೀತು.

ಎಲ್ಲಿ ಕೊಳ್ಳಬೇಕು? ಹೊಸದಾದರೆ ಅಧಿಕೃತ ಮಾರಾಟಗಾರರಲ್ಲಿ, ಜಿಎಸ್‌ಟಿ ಬಿಲ್ಲು ಮತ್ತು ಭಾರತದ ವಾರಂಟಿ ಚೀಟಿ ಕೇಳಿ ಪಡೆದು. ತೀರ ಅಗ್ಗವಾಗಿ ಸಿಗುವ 'ಇಂಪೋರ್ಟೆಡ್' ಪೀಸು ವಾರಂಟಿ ಇಲ್ಲದ್ದು ಆಗಿರಬಹುದು, ಕೆಟ್ಟರೆ ಇಲ್ಲಿನ ಸೇವಾ ಕೇಂದ್ರದವರು ಕೈಯಾಡಿಸಲಿಕ್ಕಿಲ್ಲ. ಹಳೆಯದು ಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಎಷ್ಟೋ ಮನೆಗಳಲ್ಲಿ ಕ್ಯಾಮೆರಾ ಒಂದು ಪ್ರವಾಸ ಕಂಡು ಬೀರು ಸೇರಿರುತ್ತದೆ. ಬೆಂಗಳೂರಿನಲ್ಲಿ 1971ರಿಂದ ನಡೆಯುತ್ತಿರುವ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಹವ್ಯಾಸಿಗಳ ಸಂಘ ಹತ್ತಿರದಲ್ಲಿದ್ದರೆ ಸೇರಿಕೊಳ್ಳಿ. ಅಂಥ ಕಡೆ ಕಲಿಯಲೂ ಸಿಗುತ್ತದೆ, ಯಾರು ಯಾವ ಲೆನ್ಸು ಮಾರುತ್ತಿದ್ದಾರೆ ಎಂಬ ಸುದ್ದಿಯೂ ಸಿಗುತ್ತದೆ.

ಹಳೆಯದನ್ನು ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಟಾರ್ಚ್ ಇರಲಿ. ಲೆನ್ಸಿನ ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು, ಮುಂದಿನಿಂದ ನೋಡಿ. ನಾಲ್ಕಾರು ಧೂಳಿನ ಕಣಗಳಿದ್ದರೆ ಚಿತ್ರಕ್ಕೆ ಏನೂ ಆಗದು. ಕವಲೊಡೆದ ಎಳೆಗಳು ಕಂಡರೆ ಅದು ಬೂಷ್ಟು, ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ ಎನ್ನಿ. ಕಿಂಡಿಯ ಅಲಗುಗಳ ಮೇಲೆ ಎಣ್ಣೆಯ ಜಿಡ್ಡು ಇರಬಾರದು. ಬಾಡಿ, ಅಂದರೆ ಲೆನ್ಸಿಲ್ಲದ ಕ್ಯಾಮೆರಾ, ಕೊಳ್ಳುವುದಾದರೆ ಶಟರ್ ಕೌಂಟ್ ಕೇಳಿ. ಅದು ಇದುವರೆಗೆ ಎಷ್ಟು ಸಲ ಕ್ಲಿಕ್ಕಿಸಲಾಗಿದೆ ಎನ್ನುವ ಲೆಕ್ಕ. ಅನೇಕ ಕ್ಯಾಮೆರಾಗಳ ಶಟರನ್ನು ಒಂದು ಲಕ್ಷದಿಂದ ಎರಡು ಲಕ್ಷ ಕ್ಲಿಕ್ಕಿಗೆಂದು ಪರೀಕ್ಷಿಸಿರುತ್ತಾರೆ. ಮದುವೆ ಫೋಟೋಗೆ ಓಡಾಡಿದ ಕ್ಯಾಮೆರಾ ಆ ಅಂಕಿಯ ಹತ್ತಿರ ಬಂದಿರಬಹುದು, ಮನೆಯಲ್ಲಿ ಮಲಗಿದ್ದದ್ದು ಐದು ಸಾವಿರವನ್ನೂ ದಾಟಿರಲಿಕ್ಕಿಲ್ಲ. ಕೊನೆಗೆ ಕಿಂಡಿಯನ್ನು ಎಫ್ 16ಕ್ಕೆ ಇಟ್ಟು ಬರಿ ಆಕಾಶದ್ದೊಂದು ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ಸೆನ್ಸರ್ ಮೇಲಿನ ಕಲೆಗಳಿದ್ದರೆ ಅಲ್ಲಿ ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ತೊಳೆಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ.