ನಲ್ಲಿಯ ಕಾವೇರಿ, ಹೊಳೆಯ ಕಾವೇರಿ

"ಇವತ್ತು ಕಾವೇರಿ ಬಂತಾ?" ಬೆಂಗಳೂರಿನ ನಮ್ಮ ಬೀದಿಯಲ್ಲಿ ಈ ಮಾತಿಗೆ ನಲ್ಲಿಯಲ್ಲಿ ನೀರು ಬಂತಾ ಎಂದಷ್ಟೇ ಅರ್ಥ. ಎಂಟು ವರ್ಷದ ಮಗಳು ಇದನ್ನು ಕೇಳಿಕೊಂಡೇ ಬೆಳೆದವಳು. ಒಂದು ದಿನ ಶಾಲೆಗೆಂದು ನದಿಯ ಚಿತ್ರ ಬಿಡಿಸುತ್ತ, "ಅಪ್ಪಾ, ಕಾವೇರಿ ಎಷ್ಟು ಅಗಲ ಇದೆ?" ಅಂದಳು. ಹೇಳಿ ತಿಳಿಸುವ ಮಾತಲ್ಲ ಅದು. ಚಳಿಗಾಲದ ಒಂದು ಶನಿವಾರ ನನ್ನ ಅಮ್ಮನನ್ನೂ ಕೂರಿಸಿಕೊಂಡು ಗಾಳಿಬೋರೆಗೆ ಹೊರಟೆವು.

ಗಾಳಿಬೋರೆ ಇರುವುದು ಕನಕಪುರ ತಾಲ್ಲೂಕಿನಲ್ಲಿ, ಬೆಂಗಳೂರಿಗೆ ಸುಮಾರು 100 ಕಿ.ಮೀ. ದೂರದಲ್ಲಿ. ಕಾವೇರಿ ವನ್ಯಜೀವಿಧಾಮದ ಕಾಡಿನೊಳಗೆ, ಹೊಳೆಯ ದಂಡೆಯಲ್ಲೇ, ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ನಡೆಸುವ ಡೇರೆಗಳ ಶಿಬಿರ. ಬೋರೆ ಎಂದರೆ ದಿಬ್ಬ, ಗುಡ್ಡ. ಎರಡೂ ಕಡೆ ಬೋರೆಗಳು, ನಡುವೆ ಕಣಿವೆ, ಕಣಿವೆಯ ತಳದಲ್ಲಿ ಹೊಳೆ.

ಹೋಗುವ ದಾರಿಯೇ ಒಂದು ಪಾಠ. ಬೆಂಗಳೂರಿಗೆ ಕಾವೇರಿ ನೀರು ಬಂದದ್ದು 1974ರಲ್ಲಿ. ಗಾಳಿಬೋರೆಗಿಂತ ಎಷ್ಟೋ ಮೇಲೆ, ಶಿವ ಅಣೆಕಟ್ಟೆಯ ಬಳಿ ತಿರುಗಿಸಿಕೊಂಡ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗುತ್ತದೆ. ಅಲ್ಲಿಂದ ಹಾರೋಹಳ್ಳಿ, ತಾತಗುಣಿಗಳ ಪಂಪುಗಳ ಬಲದಿಂದ ಸುಮಾರು 500 ಮೀಟರ್ ಎತ್ತರ ಹತ್ತಿ ನಗರ ಸೇರುತ್ತದೆ. ಹಾರೋಹಳ್ಳಿ ದಾಟುವಾಗ ಮಗಳಿಗೆ ಹೇಳಿದೆ: "ನಾವು ಇಳಿದು ಹೋಗ್ತಿದ್ದೀವಿ, ನಮ್ಮ ಮನೆ ನೀರು ಹತ್ತಿ ಬರ್ತಿದೆ." ಕಿಟಕಿಗೆ ಮೂಗು ಒತ್ತಿ ಕೊಳವೆ ಹುಡುಕತೊಡಗಿದಳು. ಅರ್ಕಾವತಿ ಬಂದು ಕಾವೇರಿಯನ್ನು ಕೂಡುವ ಸಂಗಮದ ಬಳಿ ಡಾಂಬರು ರಸ್ತೆಯ ಸುಖ ಮುಗಿಯಿತು. ಮುಂದೆ ಹತ್ತು ಕಿ.ಮೀ.ಯಷ್ಟು ಕಾಡಿನ ಮಣ್ಣುದಾರಿ.

ಡೇರೆಗೆ ಚೀಲ ಹಾಕುವ ಮೊದಲೇ ಮಗಳು ಮರದ ಬುಡದಲ್ಲಿದ್ದಳು. ಹೊಳೆಮತ್ತಿ. ಬೂದುಬಿಳುಪಿನ ನುಣುಪು ಕಾಂಡ, ಸುಲಿದು ಬೀಳುವ ತೊಗಟೆ, ದಂಡೆಯ ಮಣ್ಣನ್ನು ಹಿಡಿಹಿಡಿಯಾಗಿ ಅವುಚಿಕೊಂಡ ಬೇರು. ಈ ಮರ ಬಿದ್ದರೆ ದಂಡೆಯೂ ಕುಸಿಯುತ್ತದೆ. ಮೇಲೆ ಎಲೆಗಳ ನಡುವೆ ಉದ್ದ ಬಾಲವೊಂದು ಜೋತುಬಿದ್ದಿತ್ತು. ಬೂದುಬಣ್ಣದ ದೊಡ್ಡ ಅಳಿಲು. ಹೊಳೆಯಂಚಿನ ಇಂಥ ಮರಗಳಲ್ಲೇ ಗೂಡು ಕಟ್ಟುವ ಈ ಅಪರೂಪದ ಪ್ರಾಣಿಗೆ ಕರ್ನಾಟಕದಲ್ಲಿ ಮುಖ್ಯ ನೆಲೆ ಇದೇ ಕಾಡು. ಅದು ಕದಲುವವರೆಗೆ ನಾವೂ ಕದಲಲಿಲ್ಲ. ಇಪ್ಪತ್ತು ನಿಮಿಷ ಒಂದೆಡೆ ಸುಮ್ಮನೆ ನಿಂತ ನನ್ನ ಮಗಳನ್ನು ನಾನು ನೋಡಿದ್ದು ಅದೇ ಮೊದಲು.

ಸಂಜೆ ಲೈಫ್ ಜಾಕೆಟ್ ತೊಟ್ಟು ತೆಪ್ಪ ಹತ್ತಿದೆವು. ಗುಂಡಗಿನ ತೆಪ್ಪಕ್ಕೆ ಮುಂದು ಹಿಂದು ಇಲ್ಲ. ನಡೆಸುವವರು ಒಂದೇ ಹುಟ್ಟನ್ನು ಮುಂದೆ ಎಡಕ್ಕೂ ಬಲಕ್ಕೂ ಆಡಿಸುತ್ತ ಅದನ್ನು ದಾರಿಗೆ ತರುತ್ತಾರೆ. ನಡುಹೊಳೆಯ ಬಂಡೆಯೊಂದರ ಮೇಲೆ ನೀರುನಾಯಿಯ ಹಿಕ್ಕೆ ಕಂಡಿತು. ಬಗ್ಗಿ ನೋಡಿದರೆ ತುಂಬ ಮೀನಿನ ಹುರುಪೆ, ಅಭ್ರಕದ ಚೂರಿನಂತೆ ಹೊಳೆಯುತ್ತಿತ್ತು.

ಮೀನೆಂದರೆ ಇಲ್ಲಿಯ ಹಿರಿಮೆ ಮಹಶೀರ್. ಊರವರ ಮಾತಿನಲ್ಲಿ ಬಿಳಿಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದ ಒಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ 54 ಕಿಲೋ ತೂಗಿತ್ತು. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಅಣೆಕಟ್ಟೆಗಳು, ಸಿಡಿಮದ್ದು ಹಾಕಿ ಮೀನು ಹಿಡಿಯುವ ಕ್ರೂರ ರೂಢಿ, ಕೊಳಕು ನೀರು ಎಲ್ಲವೂ ಸೇರಿ ಅದನ್ನು ಅಲ್ಲಿಗೆ ತಳ್ಳಿವೆ. ಈ ತೀರದಲ್ಲಿ ಹಿಂದೆ ಸಿಡಿಮದ್ದು ಹಾಕುತ್ತಿದ್ದ ಕೆಲವರು ಆಮೇಲೆ ಮೀನುಗಾರಿಕೆ ಶಿಬಿರಗಳಲ್ಲಿ ಗಾಳದವರ ಮಾರ್ಗದರ್ಶಕರಾದರು, ಮೀನಿನ ಕಾವಲುಗಾರರೂ ಆದರು. ಹೊಟ್ಟೆಪಾಡಿಗೆ ದಾರಿ ತೋರಿಸಿದರೆ ಮನುಷ್ಯ ಹೊಳೆಯ ಪರ ನಿಲ್ಲುತ್ತಾನೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ರಾತ್ರಿ ಊಟವಾದ ಮೇಲೆ ಅಮ್ಮ ಮುತ್ತತ್ತಿಯ ಕಥೆ ತೆಗೆದರು. ಮೇಲ್ಹೊಳೆಯ ಮುತ್ತತ್ತಿಯಲ್ಲಿ ಸೀತಮ್ಮನ ಮುತ್ತಿನ ಮೂಗುತಿ ನೀರಿಗೆ ಬಿತ್ತಂತೆ, ಹನುಮಂತ ಬಾಲ ಆಡಿಸಿ ಹುಡುಕಿ ಎತ್ತಿಕೊಟ್ಟನಂತೆ, ಅದಕ್ಕೇ ಆತ ಮುತ್ತೆತ್ತರಾಯ. ಡಾ. ರಾಜ್‌ಕುಮಾರ್ ಅವರ ಹುಟ್ಟುಹೆಸರು ಮುತ್ತುರಾಜ ಎಂದಾದದ್ದೂ ಈ ದೇವರಿಂದಲೇ. ಕಥೆ ಮುಗಿಯುವಷ್ಟರಲ್ಲಿ ಆಚೆ ದಡದಿಂದ ಜಿಂಕೆಯ ಎಚ್ಚರಿಕೆಯ ಕೂಗು ಕೇಳಿತು. ಮಗಳು ಅಜ್ಜಿಯ ಸೆರಗು ಹಿಡಿದಳು, ಆದರೆ ಒಳಗೆ ಹೋಗೋಣ ಅನ್ನಲಿಲ್ಲ.

ಮಕ್ಕಳನ್ನು ಕರೆದೊಯ್ಯುವವರಿಗೆ ಎರಡು ಮಾತು. ಮುಂಗಡ ಕಾಯ್ದಿರಿಸಿ, ಬೆಳಕಿರುವಾಗಲೇ ತಲುಪಿ; ಕತ್ತಲಾದ ಮೇಲೆ ಆ ದಾರಿ ಆನೆಗಳದು. ಇನ್ನು, ಹೊಳೆ ಎಷ್ಟೇ ಶಾಂತವಾಗಿ ಕಂಡರೂ ಸಿಬ್ಬಂದಿ ಹೇಳದ ಕಡೆ ಕಾಲಿಡಬೇಡಿ. ಸುಳಿ, ಮಡು, ಮೊಸಳೆ ಮೂರೂ ಇವೆ. ಸಂಗಮ, ಮೇಕೆದಾಟು, ಮುತ್ತತ್ತಿಗಳಲ್ಲಿ ಈಜಲು ಇಳಿದು ಮರಳಿ ಬಾರದವರು ಒಬ್ಬಿಬ್ಬರಲ್ಲ. ನೀರನ್ನು ದಡದಲ್ಲಿ ಕೂತು ನೋಡುವುದೂ ಒಂದು ವಿದ್ಯೆ. ಅದನ್ನು ಮಕ್ಕಳು ನಮಗಿಂತ ಬೇಗ ಕಲಿಯುತ್ತಾರೆ.

ಸೋಮವಾರ ಮಗಳು ಚಿತ್ರವನ್ನು ಮತ್ತೆ ಬಿಡಿಸಿದಳು. ಮೊದಲಿನ ನೀಲಿ ಪಟ್ಟಿಯ ಜಾಗದಲ್ಲಿ ಬಂಡೆ, ಮತ್ತಿಯ ಬೇರು, ಅಳಿಲಿನ ಬಾಲ, ತೆಪ್ಪದಲ್ಲಿ ಅಜ್ಜಿ. ಹಾಳೆಯ ಮೂಲೆಯಲ್ಲಿ ಒಂದು ನಲ್ಲಿ. ನಲ್ಲಿಯಿಂದ ಹೊಳೆಯವರೆಗೆ ಉದ್ದಕ್ಕೂ ಒಂದು ಗೆರೆ.